ಇಲಿಗಳು ಕಾಲು ನೆಕ್ಕಿದ ದಿನ

ಈ ಕಟ್ಟಡದಲ್ಲಿರುವ ನಾನೂರು ಬಿಳಿ ಇಲಿಗಳೂ ನನ್ನ ಮಾತು ಕೇಳುತ್ತವೆ. ನಿಲ್ಲಿ ಅಂದರೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲುತ್ತವೆ, ಸುಮ್ಮನಿರಿ ಅಂದರೆ ಮೀಸೆ ಕೂಡ ಅಲುಗಿಸುವುದಿಲ್ಲ. ನಮ್ಮ ದೊಡ್ಡ ಡಾಕ್ಟರ ಮಾನ ಕಳೆದದ್ದು ಅವೇ, ನಾನು ಹೇಳಿಕೊಟ್ಟ ಹಾಗೆ. ಎಂಟು ದಿನ ಕ್ಯಾಂಟೀನಿನಲ್ಲಿ ಕೂತು ಇದನ್ನೇ ಹೇಳಿದ್ದೇನೆ. ನಂಬಿದವರು ಯಾರೂ ಇಲ್ಲ, ಎದ್ದು ಹೋದವರೂ ಇಲ್ಲ.

ನಾನು ಈ ಔಷಧ ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವವನು. ಕಾಳು ಹಾಕುವುದು, ಗೂಡು ತೊಳೆಯುವುದು, ಪರೀಕ್ಷೆಯ ದಿನ ಔಷಧ ಕುಡಿಸುವುದು, ಎಲ್ಲ ನನ್ನ ಕೈಯಲ್ಲೇ. ಹೋದ ವರ್ಷ ಡಾಕ್ಟರಿಗೆ ಸೊಂಟ ಹಿಡಿದುಕೊಂಡಿತ್ತು, ನೆಲದ ಮೇಲೆ ಬಿದ್ದದ್ದೇನನ್ನೋ ಹುಡುಕುತ್ತಿದ್ದಾರೋ ಅನ್ನುವ ಹಾಗೆ ಬಗ್ಗಿ ಓಡಾಡುತ್ತಿದ್ದರು. ಅಯ್ಯೋ ಪಾಪ ಅಂತ ನಾನೇ ನಮ್ಮಕ್ಕನ ಮನೆಗೆ ಕರೆದುಕೊಂಡು ಹೋದೆ. ಅಕ್ಕ ಹಿತ್ತಲ ಗಿಡದ ಎಲೆ ಅರೆದು ಕಟ್ಟಿದಳು. ಆ ಎಲೆ ಹಚ್ಚಿದರೆ ಮುರಿದ ಕುರ್ಚಿಯೂ ಎದ್ದು ಓಡುತ್ತದೆ. ಡಾಕ್ಟರು ನೆಟ್ಟಗಾದರು, ಒಂದು ಚೀಲ ಎಲೆ ಕೇಳಿ ತೆಗೆದುಕೊಂಡು ಹೋದರು.

ಆರು ತಿಂಗಳಿಗೆ ಪೇಪರಿನಲ್ಲಿ ಅವರ ಫೋಟೋ. ಹತ್ತು ವರ್ಷ ಕಾಡು ಅಲೆದು ಕಂಡುಹಿಡಿದ ಗಿಡವಂತೆ. ಪ್ರಯೋಗದಲ್ಲಿ ಸೆಕೆಂಡು ಎಣಿಸುವಾಕೆಯನ್ನು ನಾವು ಗಡಿಯಾರದಮ್ಮ ಅನ್ನುತ್ತೇವೆ. ಆಕೆ ನಿಜವಾಗಿ ಎಲ್ಲಿ ಸಿಕ್ಕಿತು ಅಂತ ಕೇಳಿದ್ದಕ್ಕೆ, "ಯಾರೋ ಒಬ್ಬಳು ಮುದುಕಿ" ಅಂದರಂತೆ. ನಮ್ಮಕ್ಕನಿಗೆ ನಲವತ್ತಾರು. ತಲೆಯಲ್ಲಿ ನಾಲ್ಕೇ ಬಿಳಿ ಕೂದಲು, ಅದರಲ್ಲಿ ಮೂರು ನನ್ನಿಂದ ಬಂದದ್ದು. ಅವತ್ತು ನಾನು ಹಲ್ಲು ಕಚ್ಚಿದ ಸದ್ದಿಗೆ ಇಲಿಗಳೆಲ್ಲ ಗೂಡಿನ ಮೂಲೆ ಸೇರಿದವು. ಇವರನ್ನು ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡದಿದ್ದರೆ ನಾನು ಅವಳ ತಮ್ಮನೇ ಅಲ್ಲ ಅಂದುಕೊಂಡೆ.

ಪರೀಕ್ಷೆ ಸರಳ. ಇಲಿಗೆ ಔಷಧ ಕುಡಿಸಿ, ಅರ್ಧ ಗಂಟೆ ಬಿಟ್ಟು ಬಿಸಿ ತಟ್ಟೆಯ ಮೇಲೆ ಬಿಡುತ್ತಾರೆ. ಕಾಲು ಚುರುಗುಟ್ಟಿದ ಕೂಡಲೇ ಅದು ಪಾದ ನೆಕ್ಕುತ್ತದೆ, ತಕ್ಷಣ ಎತ್ತಿಬಿಡುತ್ತಾರೆ. ತಡವಾಗಿ ನೆಕ್ಕಿದರೆ ಔಷಧ ಕೆಲಸ ಮಾಡಿದೆ ಅಂತ. ಹೊರಗಿನಿಂದ ಮೂವರು ಪರೀಕ್ಷಕರು ಬಂದು ಕೂತರು. ಡಾಕ್ಟರು ಮಡಿಕೆ ಬಿಚ್ಚದ ಹೊಸ ಕೋಟು ತೊಟ್ಟಿದ್ದರು. ಬರೀ ನೀರು ಕುಡಿದ ಇಲಿಗಳು ಆರನೇ ಸೆಕೆಂಡಿಗೆ ನೆಕ್ಕಿದವು. ಎಲೆಯ ರಸ ಕುಡಿದವೂ ಆರಕ್ಕೇ, ಹತ್ತಕ್ಕೆ ಹತ್ತೂ. ಡಾಕ್ಟರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನನ್ನ ಹೊಟ್ಟೆ ತಣ್ಣಗಾಯಿತು.

ಎಲೆಯಲ್ಲಿ ಏನೂ ಇಲ್ಲ ಅಂತ ಪೇಪರಿನಲ್ಲಿ ಬಂತು. ಡಾಕ್ಟರು ಕಾಡನ್ನು ಅಷ್ಟಕ್ಕೇ ಮರೆತರು. ಎಲೆ ಕೊಟ್ಟದ್ದು ಇಂಥ ಬೀದಿಯ ಇಂಥ ಹೆಂಗಸು, ಅವಳೇ ಮೋಸ ಮಾಡಿದಳು ಅಂತ ವಿಳಾಸ ಸಮೇತ ಹೇಳಿದರು. ಅಕ್ಕನ ಮನೆ ಬೆಂಚು ಖಾಲಿಯಾಯಿತು. ಮಂಡಿ ಹಿಡಿದುಕೊಂಡು ಬರುತ್ತಿದ್ದವರು ಈಗ ಬೀದಿಯ ಆಚೆ ಬದಿಯಲ್ಲಿ ಕುಂಟುತ್ತ ಹೋಗುತ್ತಿದ್ದರು.

ಪರೀಕ್ಷೆಯಾದ ಒಂಬತ್ತನೇ ದಿನ ಅಕ್ಕ ನೆಟ್ಟಗೆ ಪ್ರಯೋಗಾಲಯಕ್ಕೇ ಬಂದಳು. ಇಲಿಗೆ ಕುಡಿಸಿದ್ದೇನು ತೋರಿಸಿ ಅಂದಳು. ಡಾಕ್ಟರು ಫ್ರಿಜ್ಜಿನಿಂದ ಬಾಟಲಿ ತೆಗೆದು ಮೇಜಿನ ಮೇಲೆ ಕುಕ್ಕಿದರು. ಇಲ್ಲಿ ಬಾಟಲಿಯಲ್ಲಿರುವುದನ್ನು ಯಾರೂ ಬಾಯಿಗೆ ಹಾಕುವುದಿಲ್ಲ, ಅದು ಮೊದಲ ದಿನದ ಪಾಠ. ಅಕ್ಕನಿಗೆ ಆ ಪಾಠ ಯಾರೂ ಹೇಳಿರಲಿಲ್ಲ. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

"ನಮ್ಮ ಎಲೆ ಸೋಕಿದರೆ ನಾಲಿಗೆ ಜೋಮು ಹಿಡಿಯುತ್ತೆ, ಹತ್ತು ನಿಮಿಷ ಮಾತು ಹೊರಡಲ್ಲ. ನಾನು ಮಾತಾಡ್ತಾ ಇದೀನಿ ನೋಡಿ. ಇದು ಸಕ್ಕರೆ ಹಾಕದ ಟೀ."

ಗಡಿಯಾರದಮ್ಮ ಮೆಲ್ಲಗೆ ನನ್ನ ಕಡೆ ತಿರುಗಿದಳು. ನಾನು ಇಲಿಗಳ ಕಥೆ ಶುರುಮಾಡಿದೆ, ಹೇಗೆ ಒಂದೊಂದಕ್ಕೂ ತಾಲೀಮು ಕೊಟ್ಟೆ ಅಂತ.

"ಸಾಕು ಕಣೋ. ನಿನ್ನ ಮಾತು ನಿನ್ನ ಹೆಂಡತಿ ಕೇಳಲ್ಲ, ಇಲಿ ಕೇಳುತ್ತಾ?" ಆಮೇಲೆ ಅಕ್ಕ ದನಿ ಇಳಿಸಿದಳು. "ಇವರ ಮೇಲಿನ ಸಿಟ್ಟಿಗೆ ನನ್ನ ಎಲೇನ ಸಾಯಿಸಿದೆಯಾ?"

ನನ್ನ ನಾಲಿಗೆ ಎಲೆ ಸೋಕದೆಯೇ ಜೋಮು ಹಿಡಿಯಿತು. ಹೌದು ಅಂದೆ. ಬಣ್ಣ ಹೊಂದುವ ತನಕ ಟೀ ಕುದಿಸಿ ತುಂಬಿದ್ದು ನಾನೇ ಅಂದೆ. ಡಾಕ್ಟರ ಮುಖ ಅರಳುತ್ತಾ ಬಂತು. ಅದನ್ನು ನೋಡುವುದು ನನಗೆ ಕೆಲಸ ಹೋಗುವುದಕ್ಕಿಂತ ಕಷ್ಟವಾಗಿತ್ತು.

ಅಕ್ಕ ಅವರ ಕಡೆ ತಿರುಗಿದಳು. "ನೀವು ಹಿಗ್ಗಬೇಡಿ ಸಾರ್. ಆ ಮೂವರನ್ನೇ ಕರೆಸಿ ಮತ್ತೆ ಮಾಡಿ. ಗೆದ್ದಮೇಲೆ ಎಲೆ ಕೊಟ್ಟದ್ದು ಯಾರು ಅಂತ ಹೇಳಿ, ಈ ಸಲದ ಹಾಗೇ, ವಿಳಾಸ ಸಮೇತ. ಇಲ್ಲದಿದ್ದರೆ ನನ್ನ ಹಿತ್ತಲಿಂದ ಒಂದು ಎಲೆ ಆಚೆ ಬರಲ್ಲ."

ಡಾಕ್ಟರು ಕೋಟಿನ ಗುಂಡಿ ನೋಡುತ್ತಾ ಆಗಲಿ ಅಂದರು.

"ನಿಜವಾದ ರಸ ಎಲ್ಲೋ?" ಅಂದಳು ನನಗೆ.

"ಕಾಳಿನ ಮೂಟೆ ಹಿಂದೆ. ಮುಕ್ಕಾಲು ಬಾಟಲಿ ಇದೆ."

"ಉಳಿದ ಕಾಲು?"

"ಮೂಟೆ ಎತ್ತಿ ಎತ್ತಿ ನನಗೂ ಸೊಂಟ ಹಿಡಿದಿತ್ತು ಅಕ್ಕಾ. ಹಚ್ಚಿಕೊಂಡೆ. ಹೋಯಿತು."

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇಲ್ಲಿರುವುದು ನಾನೂರು ಇಲಿಗಳಲ್ಲ, ಅರವತ್ತು. ಒಂದೂ ನನ್ನ ಮಾತು ಕೇಳಿಲ್ಲ. ಇವತ್ತು ಬೆಳಿಗ್ಗೆ ಕಾಳು ಹಾಕುವಾಗ ಒಂದು ಹೆಬ್ಬೆರಳು ಕಚ್ಚಿತು, ಇನ್ನೂ ನೋಯುತ್ತಿದೆ.