ಹೆಪ್ಪುಗಟ್ಟದ ರಕ್ತ

ಡಾಕ್ಟರ್ ಜಯಚಂದ್ರ ಕೂಗಲಿಲ್ಲ. "ಥತ್" ಅಂದರು, ಅಷ್ಟೇ. ನಾಲ್ಕು ಮಾರು ದೂರದಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ ಬನಶಂಕರಿ ತಲೆಯೆತ್ತುವಷ್ಟರಲ್ಲಿ ಅವರು ಹಾವನ್ನು ಪೆಟ್ಟಿಗೆಗೆ ಇಳಿಸಿ ಮುಚ್ಚಳ ಹಾಕಿಯಾಗಿತ್ತು. ಬಲಗೈಯ ಗ್ಲೌಸ್ ಕಳಚಿ ಹೆಬ್ಬೆರಳು ನೋಡಿಕೊಳ್ಳುತ್ತಿದ್ದರು. ಅಲ್ಲಿ ಸಾಸಿವೆಯಷ್ಟು ರಕ್ತ.

"ಕಚ್ಬುಡ್ತಾ ಸರ್?"

"ಗ್ಲೌಸ್ ದಾಟಿ ಹೋಗಿದೆ. ಟೈಮ್ ಬರ್ಕೊ. ಏಳು ನಲವತ್ತೆರಡು."

ಅವಳು ಬರೆದುಕೊಂಡಳು.

ಅದು ಕಲ್ಯಾಣದುರ್ಗದಿಂದ ಹದಿನೆಂಟು ಕಿಲೋಮೀಟರ್ ಆಚೆಗಿನ ಬೋಳುಗುಡ್ಡ. ಜಯಚಂದ್ರ ಹಿಂದೂಪುರದ ಒಂದು ಚಿಕ್ಕ ಆಸ್ಪತ್ರೆಯ ಡಾಕ್ಟರು. ಬನಶಂಕರಿ ಅಲ್ಲೇ ಎಂಟು ವರ್ಷದಿಂದ ನರ್ಸು. ಎರಡು ವರ್ಷದ ಹಿಂದೆ ಈ ಗುಡ್ಡದ ಕೆಳಗಿನ ಊರಿನ ನರಸಕ್ಕ ಎಂಬ ಹೆಂಗಸನ್ನು ಇದೇ ಜಾತಿಯ ಗರಗಸ ಮಂಡಲದ ಹಾವು ಕಚ್ಚಿತ್ತು. ಮೂವತ್ತು ಸೀಸೆ ವಿಷನಿರೋಧಕ ಕೊಟ್ಟರೂ ಅವಳು ಉಳಿಯಲಿಲ್ಲ. ಬೇರೆ ಸೀಮೆಯ ಹಾವುಗಳ ವಿಷದಿಂದ ತಯಾರಾದ ಮದ್ದು ಈ ಸೀಮೆಯ ವಿಷಕ್ಕೆ ಸರಿಯಾಗಿ ಹಿಡಿಯುತ್ತಿಲ್ಲ ಎಂಬ ಅನುಮಾನ ಅಂದಿನಿಂದ ಡಾಕ್ಟರ ತಲೆಯೊಳಗೆ ಹೊಕ್ಕಿತ್ತು. ಇಲ್ಲಿನ ಹಾವುಗಳ ವಿಷ ತೆಗೆದು ಲ್ಯಾಬಿಗೆ ಕಳಿಸಲು ಅರಣ್ಯ ಇಲಾಖೆಗೆ ಹತ್ತು ಸಲ ಅಲೆದು ಅನುಮತಿ ತಂದರು. ಭಾನುವಾರ ಬಂತೆಂದರೆ ಜೀಪು ಹತ್ತಿ ಇಲ್ಲಿಗೆ ಬರುವರು. ಆಸ್ಪತ್ರೆಯಲ್ಲಿ ಎಲ್ಲರೂ ಅವರಿಗೆ ಹುಚ್ಚು ಎನ್ನುತ್ತಿದ್ದರು. ಬನಶಂಕರಿ ಮಾತ್ರ ಕರೆದಾಗಲೆಲ್ಲ ಹೊರಡುತ್ತಿದ್ದಳು. ನರಸಕ್ಕನ ಒಸಡಿನಿಂದ ಸೋರುತ್ತಿದ್ದ ರಕ್ತವನ್ನು ಮೂರು ದಿನ ಒರೆಸಿದವಳು ಅವಳೇ.

ಕಲ್ಲು ಮಗುಚಿ ಹಾವು ತೋರಿಸಲು ಬರುತ್ತಿದ್ದ ಬೈಲಪ್ಪ ಓಡಿ ಬಂದ. "ಡಾಕ್ಟ್ರೇ, ಏಳಿ, ಹೋಗಾನ. ಜೀಪ್ ಹತ್ರ ಇಳಿಯಾಕೇ ಹೊತ್ತಾಯ್ತದೆ."

"ಇಪ್ಪತ್ತೇ ನಿಮಿಷ ಬೈಲಪ್ಪ. ರಕ್ತ ಅಲ್ಲಾಡಬಾರದು."

ಬನಶಂಕರಿ ಅವರ ಎಡತೋಳಿನಿಂದ ರಕ್ತ ಎಳೆದು ಒಣ ಗಾಜಿನ ಕೊಳವೆಗೆ ಬಿಟ್ಟು, ಬಂಡೆಯ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿದಳು. ಇಪ್ಪತ್ತು ನಿಮಿಷದಲ್ಲಿ ಅದು ಹೆಪ್ಪುಗಟ್ಟಿದರೆ ವಿಷ ಏರಿಲ್ಲ ಎಂದು ತಿಳಿಯಬಹುದು. ನೀರಾಗಿಯೇ ಉಳಿದರೆ ಏರಿದೆ. ವಾರ್ಡಿನಲ್ಲಿ ನೂರಾರು ಸಲ ಮಾಡಿದ ಪರೀಕ್ಷೆ. ಅಲ್ಲಿ ಆ ಇಪ್ಪತ್ತು ನಿಮಿಷದಲ್ಲಿ ಅವಳು ಬೇರೆ ಹಾಸಿಗೆಗಳನ್ನು ನೋಡಿ ಬರುತ್ತಿದ್ದಳು. ಇಲ್ಲಿ ಕೊಳವೆಯ ಮುಂದೆ ಕುಕ್ಕರಗಾಲಲ್ಲಿ ಕೂತವಳು ಕಣ್ಣು ಕೀಳಲಿಲ್ಲ. ಡಾಕ್ಟರು ಕೈ ಅಲುಗಿಸದೆ ಕೂತು, ಊತ ಮಣಿಕಟ್ಟಿಗೆ ಬಂತು, ಉರಿ ಹೆಚ್ಚಾಯಿತು ಎಂದು ಒಂದೊಂದನ್ನೇ ಬರೆಸುತ್ತಿದ್ದರು. ಅವರ ದನಿಯಲ್ಲಿ ಇದ್ದದ್ದು ಭಯವಲ್ಲ, ಒಂದು ಬಗೆಯ ಉತ್ಸಾಹ. ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ಎಂಟು ಗಂಟೆ ಎಂಟು ನಿಮಿಷಕ್ಕೆ ಕೊಳವೆ ಬಾಗಿಸಿದಳು. ರಕ್ತ ನೀರಿನ ಹಾಗೆ ಹರಿಯಿತು.

"ಸರಿ. ಈಗ ಎರಡನೇ ಸ್ಯಾಂಪಲ್ ತಗೊ. ಒಂಬತ್ತಕ್ಕೆ ಮೂರನೇದು. ಆಮೇಲೆ ಹೊರಡೋಣ."

"ಒಂಬತ್ತಕ್ಕಾ? ಏನ್ ಸರ್ ಹಿಂಗಂತೀರಿ!"

"ಮದ್ದು ಮೈಗೆ ಸೇರಿದ ಮೇಲೆ ತಗೊಂಡ ರಕ್ತದಿಂದ ಪ್ರಯೋಜನ ಇಲ್ಲ. ಕಚ್ಚಿದ ಹಾವು ಪೆಟ್ಟಿಗೇಲಿದೆ, ಹೊತ್ತು ನಿಮಿಷದ ಲೆಕ್ಕದಲ್ಲಿ ಗೊತ್ತಿದೆ. ಇಂಥದ್ದು ಇನ್ನೊಂದ್ಸಲ ಸಿಗಲ್ಲ ಬನಶಂಕರಿ. ನಾನು ಡಾಕ್ಟರು, ನಾನು ಹೇಳ್ತಿದೀನಿ."

ಎಂಟು ವರ್ಷದಲ್ಲಿ ಆ ಮಾತಿಗೆ ಅವಳು ಎದುರಾಡಿರಲಿಲ್ಲ. ಎರಡನೇ ಸಲ ರಕ್ತ ತೆಗೆದಳು. ಮೊದಲು ಚುಚ್ಚಿದ ಜಾಗಕ್ಕೆ ಒತ್ತಿದ್ದ ಹತ್ತಿ ಪೂರ್ತಿ ಕೆಂಪಾಗಿತ್ತು. ಬದಲಾಯಿಸಿದಳು. ಎರಡು ನಿಮಿಷದಲ್ಲಿ ಅದೂ ಕೆಂಪಾಯಿತು. ಇನ್ನು ತಡೆಯಲಾಗಲಿಲ್ಲ. ಸಿಗ್ನಲ್ ಹುಡುಕಿಕೊಂಡು ಬಂಡೆ ಹತ್ತಿ ಕಲ್ಯಾಣದುರ್ಗದ ಆಸ್ಪತ್ರೆಗೆ ಫೋನ್ ಮಾಡಿದಳು. ಡ್ಯೂಟಿಯಲ್ಲಿದ್ದ ಡಾಕ್ಟರ್ ಮೌನಿಕಾ ಎಲ್ಲ ಕೇಳಿಸಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಲು ಹೇಳಿದರು.

"ಸರ್, ಇಪ್ಪುಡು ಮೀರು ಡಾಕ್ಟರ್ ಕಾದು, ಪೇಷೆಂಟ್!"

ಈಗ ನೀವು ಡಾಕ್ಟರಲ್ಲ, ರೋಗಿ ಎಂದು ಮಗಳ ವಯಸ್ಸಿನ ಹುಡುಗಿ ಗದರಿದ್ದಕ್ಕೆ ಜಯಚಂದ್ರರ ಮುಖ ಬಿಗಿಯಿತು. ಅವರು ಏಳಲಿಲ್ಲ.

ಬನಶಂಕರಿ ಸಿರಿಂಜು, ಕೊಳವೆ ಎಲ್ಲವನ್ನೂ ಚೀಲಕ್ಕೆ ತುಂಬಿ ಜಿಪ್ ಎಳೆದಳು. "ಇನ್ನ ಒಂದ್ ತೊಟ್ಟು ರಕ್ತಾನೂ ನಾನ್ ತೆಗೆಯಲ್ಲ ಸರ್. ಬೇಕಾದ್ರೆ ಕೆಲಸದಿಂದ ತೆಗೆದಾಕಿ. ಬೈಲಪ್ಪಣ್ಣ, ಹಿಡ್ಕೊ ಅವರನ್ನ."

ಬೈಲಪ್ಪ ಡಾಕ್ಟರ ಒಪ್ಪಿಗೆಗೂ ಕಾಯದೆ ಅವರನ್ನು ಮಗುವಿನಂತೆ ಎತ್ತಿಕೊಂಡ. ಜೀಪಿನ ಹತ್ತಿರ ಬಂದಾಗಲಷ್ಟೇ ಹೊಳೆದದ್ದು: ಅದನ್ನು ಓಡಿಸುವವರು ಡಾಕ್ಟರೇ. ಬನಶಂಕರಿಗೆ ಸ್ಕೂಟಿ ಬಿಟ್ಟು ಬೇರೇನೂ ಬರದು.

"ನಾನ್ ಟ್ರ್ಯಾಕ್ಟರ್ ಓಡ್ಸಿವ್ನಿ ಕಣಮ್ಮ. ಹತ್ತು."

ಜೀಪು ಹಳ್ಳ ಹಾರಿ, ತಂಗಡಿ ಗಿಡ ಮುರಿದು, ಹೇಗೋ ಡಾಂಬರು ಮುಟ್ಟಿತು. ಊತ ಮೊಣಕೈ ದಾಟಿತ್ತು. ಒಂದು ಕಡೆ ಕುರಿಮಂದೆ ಅಡ್ಡ ಬಂತು. ಬೈಲಪ್ಪ ಕಿಟಕಿಯಿಂದ ತಲೆ ಹೊರಹಾಕಿ ತೆಲುಗಿನಲ್ಲಿ ಬಾಯಿಗೆ ಬಂದದ್ದು ಬೈದ. ಡಾಕ್ಟರು ಕಿಟಕಿಯಾಚೆ ಉಗುಳಿದರು. ಎಂಜಲು ಕೆಂಪಗಿತ್ತು. ಅವರೂ ನೋಡಿದರು, ಅವಳೂ ನೋಡಿದಳು. ಅಲ್ಲಿಂದಾಚೆ ಅವರು ಹೊತ್ತು ಬರೆಸಲಿಲ್ಲ. "ಬನಶಂಕರಿ, ಇನ್ನೆಷ್ಟು ದೂರ?" ಎಂದು ಎರಡು ಸಲ ಕೇಳಿದರು.

ಎಂಟು ಐವತ್ತೊಂದಕ್ಕೆ ಕಲ್ಯಾಣದುರ್ಗದ ಆಸ್ಪತ್ರೆಯಲ್ಲಿ ಮೊದಲ ಸೀಸೆಯ ಮದ್ದು ರಕ್ತನಾಳಕ್ಕೆ ಇಳಿಯತೊಡಗಿತು. ಆರು ಗಂಟೆ ಕಾದು ಪರೀಕ್ಷಿಸಿದರೆ ರಕ್ತ ಇನ್ನೂ ನೀರೇ. ಮತ್ತೆ ಹತ್ತು ಸೀಸೆ. ಸಂಜೆಗೂ ಹೆಪ್ಪುಗಟ್ಟಲಿಲ್ಲ. ಮಗುಚಿದ ಕೊಳವೆಯಿಂದ ಗಡ್ಡೆ ಜಾರದೆ ಕಚ್ಚಿಕೊಂಡು ನಿಂತದ್ದು ಮಾರನೆಯ ದಿನ, ಇಪ್ಪತ್ತಾರನೇ ಸೀಸೆಯ ನಂತರ. ಬನಶಂಕರಿ ವರಾಂಡಕ್ಕೆ ಹೋಗಿ ಗೋಡೆಗೆ ಒರಗಿ ಅತ್ತಳು. ಬೈಲಪ್ಪ ಎಲ್ಲಿಂದಲೋ ಟೀ ತಂದು ಪಕ್ಕದಲ್ಲಿಟ್ಟ.

ಜಯಚಂದ್ರ ಉಳಿದರು. ಹೆಬ್ಬೆರಳ ತುದಿ ಕಪ್ಪಾಗಿ, ಅಷ್ಟನ್ನು ಕತ್ತರಿಸಬೇಕಾಯಿತು. ತಿಂಗಳ ಮೇಲೆ ಹಿಂದೂಪುರದ ವಾರ್ಡಿನಲ್ಲಿ ಅವಳ ಮೇಜಿನ ಹತ್ತಿರ ಬಂದು ನಿಂತರು.

"ಲ್ಯಾಬಿನವರು ಬರೆದಿದ್ದಾರೆ. ಎರಡು ಸ್ಯಾಂಪಲ್‌ನಿಂದ ಏನೂ ಹೇಳೋಕಾಗಲ್ವಂತೆ. ಮೂರನೇದು ಇದ್ದಿದ್ರೆ…"

ತಪ್ಪು ಮಾಡಿದೆ ಎಂದು ಅವಳಿಗೆ ಅನ್ನಿಸಲಿಲ್ಲ. "ಇದ್ದಿದ್ರೆ ಓದಾಕೆ ನೀವ್ ಇರ್ತಿರಲಿಲ್ಲ ಸರ್," ಎಂದಳು.

ಡಾಕ್ಟರು ಕಾಗದ ಮಡಚಿ ಜೇಬಿಗಿಟ್ಟರು. "ಭಾನುವಾರ ಹೋಗ್ತಿದೀನಿ. ಬರ್ತೀಯಾ?"

ಆ ಗುಡ್ಡಕ್ಕೆ ಮತ್ತೆ ಹೋಗಲು ಅವಳಿಗೆ ಭಯವಿತ್ತು.

"ಬತ್ತೀನಿ. ಆದ್ರೆ ಹೊರಡು ಅಂದಾಗ ಹೊರಡ್ಬೇಕು. ಅದನ್ನ ಹೇಳೋಳು ನಾನು."

"ಆಯ್ತು," ಎಂದರು ಡಾಕ್ಟರು. ಅವರು ಅಷ್ಟು ಬೇಗ ಒಪ್ಪಿದ್ದರಿಂದಲೇ ಅವಳಿಗೆ ನಂಬಿಕೆ ಬರಲಿಲ್ಲ.