ಮುಟ್ಟಿದ ಕುದುರೆ

ತೀರಿಕೊಂಡ ಬೀಗ ರಿಪೇರಿಯವನಿಗೆ ಹೊದಿಸಿದ ಬಿಳಿ ಬಟ್ಟೆಯನ್ನು ಹೆಂಡತಿ ಸರಿಪಡಿಸುತ್ತಿದ್ದಾಗಲೇ, ಹೊರಗೆ ಮೆಟ್ಟಿಲ ಮೇಲೆ ಅವಳ ತಮ್ಮ ಹಳೆಯ ಕತೆ ತೆಗೆದ. ಬಂದವರ ದುಃಖ ಹಗುರ ಮಾಡುವುದು ತನ್ನ ಪಾಲಿನ ಕೆಲಸವೆಂದು ಅವನು ತಿಳಿದಿದ್ದ.

“ಭಾವ ಒಂದ್ಸಲ ಚದುರಂಗದ ಚಾಂಪಿಯನ್ನನ್ನೇ ಮೂಲೆಗೆ ತಳ್ಳಿದ್ರು. ಗೆಲ್ಲೋ ಆಟ. ಹೆದ್ರಿ ಬಿಟ್ಕೊಟ್ರು. ಎಲ್ಲರ ಮನೆ ಬೀಗ ತೆಗೆದ್ರು, ತಮ್ಮ ಅದೃಷ್ಟದ್ದೊಂದು ಬಿಟ್ಟು.”

ನಾಲ್ಕು ಜನ ಮೆಲ್ಲಗೆ ನಕ್ಕರು. ಮೂವತ್ತು ವರ್ಷದಿಂದ ಅದೇ ನಗು. ಗೋಡೆಗೆ ಒರಗಿ ನಿಂತಿದ್ದ ಮುದುಕರೊಬ್ಬರು ಮಾತ್ರ ನಗಲಿಲ್ಲ. ಆ ಚಾಂಪಿಯನ್ ಅವರೇ; ಯಾರಿಗೂ ಗುರುತು ಹತ್ತಿರಲಿಲ್ಲ. ಅವರು ಒಳಗೆ ಬಂದರು.

*

ಅಂದು ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ತೀರ್ಪುಗಾರ ಪಕ್ಕದ ಮೇಜಿನ ಜಗಳ ಬಿಡಿಸುತ್ತಿದ್ದ. ಸೋಲಿನ ಅಂಚಿನಲ್ಲಿದ್ದ ಚಾಂಪಿಯನ್ ಕುದುರೆಯನ್ನು ಎತ್ತಿದರು. ಅದನ್ನು ನಡೆಸಿದರೆ ಮಂತ್ರಿ ಹೋಗುತ್ತದೆಂದು ಕಂಡದ್ದೇ, ಸದ್ದಿಲ್ಲದೆ ಇಟ್ಟು ಆನೆಯನ್ನು ಸರಿಸಿದರು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ಮಕ್ಕಳಿಗೂ ಗೊತ್ತಿರುವ ನಿಯಮ. ಬೀಗದವನು ತಲೆಯೆತ್ತಿ ಅವರ ಮುಖ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಅವನ ಮನಸ್ಸು ಆಟದಲ್ಲಿರಲಿಲ್ಲ. ಸೋತ, ಕೈ ಕುಲುಕಿದ, ಅಂಗಡಿ ತೆರೆಯಲು ಹೋದ.

*

“ಅವತ್ತು ಕುದುರೆ ಮುಟ್ಟಿದ್ದೆ, ಅಮ್ಮ. ಗೆದ್ದೋರು ಇವರು,” ಎಂದರು ಮುದುಕರು, ಬೀಗದವನ ಹೆಂಡತಿಗೆ.

“ನೋಡಿದ್ರಂತೆ,” ಎಂದಳು ಹೆಂಡತಿ. “ನನ್ನೊಬ್ಬಳ ಹತ್ರ ಹೇಳಿದ್ರು.”

“ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?”

“ಅದು ನಿಮ್ಮ ಬಾಯಿಂದಲೇ ಬರ್ಬೇಕು, ದೇವರು ಯಾವತ್ತಾದ್ರೂ ಕರ್ಕೊಂಡು ಬರ್ತಾನೆ ಅನ್ನೋರು. ಮೊನ್ನೆ ಆಸ್ಪತ್ರೇಲೂ ಕೇಳಿದ್ರು, ಬಂದ್ರಾ ಅಂತ.”

ಮುದುಕರು ಕೈ ಮುಗಿದು ಕ್ಷಮೆಯ ಮಾತು ತೆಗೆದರು. ಅವಳು ತಡೆದಳು.

“ನನ್ನ ಹತ್ರ ಬೇಡ ಯಜಮಾನ್ರೇ. ನಂಗೆ ಗೊತ್ತಿರೋದೇ ಅಲ್ವಾ. ಹೊರಗಿರೋರಿಗೆ ಹೇಳಿ.”

ಅಷ್ಟರಲ್ಲಿ ಹೊತ್ತಾಯಿತೆಂದು ಚಟ್ಟ ಎತ್ತಿದರು. ಮುಂದಿನ ಹೆಗಲು ಅವಳ ತಮ್ಮನದು. ಮುದುಕರು ಬಾಗಿಲಲ್ಲೇ ನಿಂತುಬಿಟ್ಟರು. ಅವರ ಒಂದು ಆಯುಷ್ಯದ ಹೆಸರು ಆ ಒಂದು ಆಟದ ಮೇಲೆ ಕೂತಿತ್ತು. ಜನ ಬೀದಿಯ ತಿರುವು ತಲುಪುವ ಹೊತ್ತಿಗೆ ಅವರು ಎಡವುತ್ತ ಓಡಿದರು.

ಕಿಟಕಿಯ ಬಳಿ ನಿಂತ ಅವಳಿಗೆ ಮಾತು ಕೇಳಿಸಲಿಲ್ಲ. ತಲೆಗಳು ಒಂದೊಂದಾಗಿ ಮುದುಕರ ಕಡೆ ತಿರುಗಿದ್ದು ಮಾತ್ರ ಕಂಡಿತು. ಎಲ್ಲರೂ ನಿಂತರು. ಮತ್ತೆ ಹೊರಡುವಾಗ ಹೆಗಲು ಬದಲಿಸಲು ಯಾರೋ ಮುಂದೆ ಬಂದರು. ತಮ್ಮ ಬೇಡವೆಂದು ತಲೆಯಾಡಿಸಿದ. ಖಾಲಿಯಿದ್ದ ಇನ್ನೊಂದು ಕೈಯನ್ನೂ ಎತ್ತಿ ಬಿದಿರನ್ನು ಹಿಡಿದುಕೊಂಡು, ತಲೆ ತಗ್ಗಿಸಿ ನಡೆದ.