ಝುಮಕಿ ಬಿಚ್ಚಿಟ್ಟ ಮೇಲೆ

ಮಿಶ್ರಿಕೋಟಿಯ ಅನ್ನವ್ವನ ಹಿರಿಯ ಮಗ ಬೀರೇಶ ಹೋದ ವರ್ಷ ಗೋವಿನಜೋಳದ ಚೀಲ ಎತ್ತುತ್ತಲೇ ಕುಸಿದು ಶಿವನ ಪಾದ ಸೇರಿದ. ಹೃದಯದ ಗೋಡೆ ದಪ್ಪಗಾಗುವ ಬೇನೆ, ರಕ್ತದಿಂದ ರಕ್ತಕ್ಕೆ ಇಳಿಯುತ್ತದೆ ಎಂದರು ಡಾಕ್ಟರರು. ಪರೀಕ್ಷಿಸಿದಾಗ ಅನ್ನವ್ವನ ಎದೆಯಲ್ಲೂ ಅದೇ ಸಿಕ್ಕಿತು. ಇನ್ನುಳಿದವನು ಕಿರಿಯ ಮಗ ಸುಭಾಸ. ತೀರಿಹೋದ ತಮ್ಮ ಹೊಳೆಪ್ಪನ ಮಗಳು ದುರ್ಗಾಳನ್ನು ಅವನಿಗೆ ತಂದುಕೊಂಡು ತವರಿನ ಬಳ್ಳಿ ಉಳಿಸಿಕೊಳ್ಳಬೇಕೆಂಬುದೊಂದೇ ಅವಳ ಆಸೆ. ನಿಶ್ಚಯವೂ ಆಗಿತ್ತು. ತನ್ನ ಝುಮಕಿಯನ್ನೇ ಹುಡುಗಿಯ ಕಿವಿಗೆ ಇಟ್ಟಿದ್ದಳು.

ಹೊಳೆಪ್ಪನ ಹೆಂಡತಿ ನಂದಾ ಮಾತ್ರ ಪಟ್ಟು ಬಿಡಲಿಲ್ಲ. "ಸುಭಾಸಂದು ಸ್ಕ್ಯಾನ್ ಆಗಲಾರ್ದ ಅಕ್ಷತಿ ಬೀಳೂದಿಲ್ರಿ ಯಕ್ಕಾ. ಸೌತಿಕಾಯಿ ಕಹಿ ಐತೋ ಏನೋ, ಕೊಯ್ದು ನೋಡೇ ತಗೋತೀನಿ."

ಹೀಗಾಗಿ ನಾಲ್ವರೂ ಹುಬ್ಬಳ್ಳಿಯ ದವಾಖಾನೆಗೆ ಬಂದರು. ಯಂತ್ರ ನಡೆಸುವ ಅತಿಯಾ ಹೇಳಿದಳು: "ಮೊದಲ ದೊಡ್ಡ ಡಾಕ್ಟರ್ ಬಾಜೂಕ ನಿಂತು ಹೇಳಬೇಕಿತ್ರಿ. ಈಗ ಈ ಎಐ ತಾನ ಹೃದಯ ಹುಡುಕ್ತೈತಿ, ಉಸಿರು ಹಿಡೀರಿ ಅಂತೈತಿ, ಗ್ವಾಡಿ ಅಳೀತೈತಿ. ಡಾಕ್ಟರ್ ನೋಡಿ ಸಹಿ ಹಾಕೂದಷ್ಟ."

"ಯಾರ ಮಗ ಅಂತ ಕೇಳೂದಿಲ್ಲೇನು?" ಅನ್ನವ್ವ ಕೇಳಿದಳು.

"ಅದಕ್ಕ ಬೀಗರಿಲ್ರಿ ಅವ್ವಾರ."

ಸುಭಾಸನ ಹೃದಯ ಚೊಕ್ಕಟವಾಗಿತ್ತು. ಅನ್ನವ್ವ ಕೈಮುಗಿದಳು. ಪಕ್ಕದಲ್ಲಿ ನಂದಾ ನಕ್ಕಳು: "ಎರಡರಾಗ ಒಂದರ ನೆಟ್ಟಗ ಹಡದೀರಿ ಬಿಡ್ರಿ."

ಅನ್ನವ್ವ ಮುಗಿದ ಕೈ ಇಳಿಸಿದಳು. "ಈ ಹುಡುಗೀದೂ ನೋಡ್ರಿ," ಎಂದಳು ಅತಿಯಾಳಿಗೆ. "ಇಕೀ ಅಪ್ಪ ನನ್ನ ತಮ್ಮ. ರಾಶಿ ಮಾಡೂ ಕಣದಾಗ ನಿಂತ ನಿಂತಲ್ಲೇ ಬಿದ್ದು ಸತ್ತಾನ."

"ಅವರಿಗೆ ಬಿಸಲು ಬಡದಿತ್ತು!" ನಂದಾ ಚೀರಿದಳು.

ಅತಿಯಾ ಒಳಗೆ ಹೋಗಿ ಡಾಕ್ಟರರನ್ನು ಕೇಳಿ ಬಂದಳು. ಇವತ್ತೇ ಆಗಲಿ ಎಂದಿದ್ದರು.

ಏನಾದರೂ ಸಿಕ್ಕೀತೆಂದು ಅನ್ನವ್ವ ನೆನೆದಿರಲಿಲ್ಲ. ನಂದಾ ಒಂದು ಗಳಿಗೆ ಜೀವ ಕೈಯಲ್ಲಿ ಹಿಡಿದು ಕೂರಲಿ, ಅಷ್ಟೇ ಬೇಕಾಗಿತ್ತು.

ಒಳಗೆ ಬಂಗಾರ ನಡೆಯುವುದಿಲ್ಲವೆಂದಾಗ ದುರ್ಗಾ ಝುಮಕಿ ಬಿಚ್ಚಿ ಅನ್ನವ್ವನ ಅಂಗೈಗಿಟ್ಟಳು. "ಜ್ವಾಕಿ ಅತ್ತಿ. ನಿಶ್ಚೇ ಆದಾಗಿಂದ ಕಿವಿಯಿಂದ ತಗದಿಲ್ಲ."

ಗಾಜಿನಾಚೆ ಯಂತ್ರ ಉಸಿರು ಹಿಡಿಯಿರಿ ಎಂದಿತು. ದುರ್ಗಾ ಹಿಡಿದಳು. ಹೊರಗೆ ಅನ್ನವ್ವನೂ ಹಿಡಿದಳು.

ಡಾಕ್ಟರರು ಹೆಂಗಸರಿಬ್ಬರನ್ನೂ ಕರೆದು ಚಿತ್ರ ತೋರಿಸಿದರು. ಅದೇ ಬೇನೆ, ಅಪ್ಪನಿಂದಲೇ ಬಂದಿರಬೇಕು. ಗುಳಿಗೆ ನುಂಗಬೇಕು, ಭಾರ ಎತ್ತಬಾರದು. ನೆಟ್ಟಗೆ ನೋಡಿಕೊಂಡರೆ ಬಾಳಿಗೆ ಅಡ್ಡಿಯಿಲ್ಲ. ಹುಟ್ಟುವ ಮಕ್ಕಳಿಗೂ ಇಳಿದೀತು, ಇಳಿಯದೆಯೂ ಇದ್ದೀತು.

ಹೊರಗೆ ಬಂದ ನಂದಾ ಅನ್ನವ್ವನ ಕಾಲು ಹಿಡಿದಳು. "ಯಕ್ಕಾ, ನಿಮ್ಮ ತವರಿನ ಕೂಸ್ರಿ. ನಿಮಗೂ ಅದ ಐತಿ, ನೀವು ಬಾಳೇ ಮಾಡ್ಲಿಲ್ಲೇನು?"

"ಮಾಡೀನಿ. ಬೀರೇಶನ್ನ ಮಣ್ಣಿಗಿಟ್ಟೀನಿ. ಕಾಲು ಬಿಡು ನಂದಾ. ನೀ ಹೇಳಿದಂಗ ಕೊಯ್ದು ನೋಡೀವಿ."

ಅಷ್ಟರಲ್ಲಿ ದುರ್ಗಾ ಬಂದಳು. ಅವಳಿಗಿನ್ನೂ ಯಾರೂ ಹೇಳಿರಲಿಲ್ಲ. ನಗುತ್ತ ಕೈ ಚಾಚಿದಳು. "ಅತ್ತಿ, ಝುಮಕಿ?"

ಅನ್ನವ್ವ ಝುಮಕಿಯನ್ನು ಸೆರಗಿನ ತುದಿಗಿಟ್ಟು ಗಂಟು ಹಾಕಿದಳು. ಹಲ್ಲಿನಿಂದ ಕಚ್ಚಿ ಬಿಗಿದಳು.

"ಸುಭಾಸ, ನಡಿಯೋ. ಬಸ್ ಹೊಂಟೀತು."

ಸುಭಾಸ ಒಮ್ಮೆ ದುರ್ಗಾಳ ಬರಿಗಿವಿ ನೋಡಿದ. ಆಮೇಲೆ ಚೀಲ ಎತ್ತಿಕೊಂಡು ತಾಯಿಯ ಹಿಂದೆ ನಡೆದ.